ಏರಿಯ ಮೂರನೇ ಅಳತೆ

ಸಿಂಗಟಗೆರೆ ಕಡೆಯ ಆ ಕೆರೆ ತುಂಬಿ ಕೋಡಿ ಬಿದ್ದಿತ್ತು. ಏರಿ ಒಡೆದೀತೆಂದು ಕೆಳಗಿನ ಹಳ್ಳಿಯವರನ್ನೆಲ್ಲ ಎಬ್ಬಿಸಿ ದಿಬ್ಬದ ಮೇಲಿನ ಶಾಲೆಗೆ ಸೇರಿಸಿದ್ದರು. ಏರಿ ಗಟ್ಟಿಯೋ ಅಲ್ಲವೋ ಹೇಳುವ ಕೆಲಸ ಕಡೂರಿನ ಆಫೀಸಿನ ಹೊಸ ಕಂಪ್ಯೂಟರಿಗೆ ಬಿತ್ತು, ಅಂದರೆ ಗುಲ್ಷನ್‌ಗೆ. ಎಂಬತ್ತೆಂಟನೇ ಇಸವಿಯಲ್ಲಿ ಆ ಪೆಟ್ಟಿಗೆಯ ಮುಂದೆ ಕೂರಬಲ್ಲವಳು ಅಲ್ಲಿ ಅವಳೊಬ್ಬಳೇ.

ಅವಳ ಪ್ರೋಗ್ರಾಂ ಮೊದಲು ಒಂದನ್ನು ನೋಡುತ್ತಿತ್ತು: ಅಳತೆ ಎರಡೋ, ಮೂರೋ? ಉದ್ದ, ಎತ್ತರ ಎರಡೇ ಇದ್ದರೆ ಬರೀ ಗೆರೆ ಎಳೆಯುತ್ತಿತ್ತು. ಏರಿ ಹೊರಕ್ಕೆಷ್ಟು ಉಬ್ಬಿದೆ ಎಂಬ ಮೂರನೆಯದೂ ಇದ್ದರೆ ಉಬ್ಬುತಗ್ಗಿನ ಚಿತ್ರ ಬರೆಯುತ್ತಿತ್ತು. ಏರಿಯುದ್ದಕ್ಕೂ ನೆಟ್ಟ ಗೂಟಕ್ಕೊಂದರಂತೆ ಅಳತೆಯ ಸಾಲುಗಳಿದ್ದವು; ಇಷ್ಟಕ್ಕೆ ಎಲ್ಲ ಸಾಲನ್ನೂ ಯಾಕೆ ನೋಡಬೇಕು? ಅನ್ನ ಬೆಂದಿದೆಯೇ ಎನ್ನಲು ಒಂದಗುಳು ಸಾಕು ಎಂದು ಮೊದಲನೇ ಸಾಲನ್ನಷ್ಟೇ ನೋಡುವಂತೆ ಬರೆದಿದ್ದಳು, ಜಾಣೆ.

ಬಂದದ್ದು ನೆಟ್ಟಗಿನ ಗೆರೆ. "ಉಬ್ಬಿನ ಚಿತ್ರವೇ ಬಂದಿಲ್ಲ ಅಂದ್ರೆ ಉಬ್ಬೇ ಇಲ್ಲ. ಜನಕ್ಕೆ ನೀನೇ ಹೇಳಮ್ಮ," ಎಂದು ಇಂಜಿನಿಯರ್ ಓಂಕಾರಮೂರ್ತಿ ಫೋನು ಕೊಟ್ಟರು. ಹೆದರಬೇಡಿ, ಮನೆಗೆ ಹೋಗಿ ಎಂದು ಗುಲ್ಷನ್ ಅತ್ತ ಫೋನು ಹಿಡಿದಿದ್ದ ಊರ ಹಿರಿಯಳಿಗೆ ಹೆಮ್ಮೆಯಿಂದಲೇ ಹೇಳಿದಳು. ಯಂತ್ರ ಸುಳ್ಳು ಹೇಳೀತೇ? ಹೇಳಿಸಿದಂತೆ ಹೇಳುತ್ತದೆ, ಪಾಪ.

ಮರುದಿನ ಬೆಳಿಗ್ಗೆ ಅದೇ ಅಳತೆಗಳನ್ನು ತೆರೆದು ಸಾಲುಸಾಲಾಗಿ ಓದಿದಳು. ಮೂರನೇ ಅಳತೆ ಇತ್ತು. ಎರಡನೇ ಸಾಲಿನಿಂದ ಕೊನೆಯವರೆಗೂ ಇತ್ತು. ಪ್ರೋಗ್ರಾಂ ನೋಡಿದ್ದ ಮೊದಲನೆಯದು ಮಾತ್ರ ಖಾಲಿ.

ಅಳತೆ ಹಿಡಿದಿದ್ದ ಮುದ್ದಪ್ಪನನ್ನು ಕೇಳಿದಳು. "ಮೊದಲ್ನೇ ಗೂಟ ಇರೋದು ಕೆರೆ ಚೌಡಮ್ಮನ ಕಲ್ಲತ್ರ ಕಣಮ್ಮ. ತಾಯಿ ಮೈಮೇಲೆ ಟೇಪು ಇಕ್ತಾರಾ? ಅದನ್ನ ಯಾವತ್ತೂ ಬಿಡ್ತೀವಿ," ಎಂದ.

ಎಲ್ಲ ಸಾಲನ್ನೂ ನೋಡುವಂತೆ ಪ್ರೋಗ್ರಾಂ ತಿದ್ದಿದಳು. ಈಗ ಕಾಗದದ ಮೇಲೆ ಏರಿ ತುಂಬು ಬಸುರಿಯ ಹೊಟ್ಟೆಯ ಹಾಗೆ ಉಬ್ಬಿ ಬಂತು. ಓಂಕಾರಮೂರ್ತಿ ಜೀಪು ಹತ್ತಿ ಓಡಿದರು, ಆದರೆ ಹಳ್ಳ ಬಂದು ದಾರಿ ಕಟ್ಟಿತ್ತು. ಉಳಿದದ್ದು ಹಳ್ಳಿಯ ಅಂಚೆ ಕಚೇರಿಯ ಫೋನು ಒಂದೇ. ಅತ್ತ ಸಿಕ್ಕವಳು ಹುಚ್ಚಮ್ಮ. ಗುಲ್ಷನ್ ಮಾತು ನಂಬಿ ಊರವರನ್ನೆಲ್ಲ ಮನೆಗೆ ಕರೆದೊಯ್ದ ಹಿರಿಯಳು ಅವಳೇ.

"ಅಜ್ಜಿ, ನಿನ್ನೆ ನಾನು ತಪ್ಪು ಹೇಳ್ಬಿಟ್ಟೆ. ಏರಿ ಉಬ್ಬಿದೆ. ಎಲ್ರುನೂ ಕರ್ಕೊಂಡು ಮೇಲಕ್ಕೆ ಹೋಗಿ, ನಿಮ್ಮ ಕಾಲಿಗೆ ಬೀಳ್ತೀನಿ."

"ನಿನ್ನೆ ಗಟ್ಟಿ ಅಂದೆ, ಇವತ್ತು ಉಬ್ಬು ಅಂತೀಯ. ಮಕ್ಳುಮರಿ ಕಟ್ಕೊಂಡು ಎಷ್ಟು ಸಲ ಓಡಾಡೋದವ್ವ? ಮಿಷನ್ನೇ ಗಟ್ಟಿ ಅಂದೈತೆ. ನಿಂಗೆ ಯಾಕೋ ಭಯ ಹೊಕ್ಕೈತೆ. ಒಂದ್ ಲೋಟ ನೀರು ಕುಡಿ ತಾಯಿ, ಸಮಾಧಾನ ಮಾಡ್ಕೋ."

ಹುಚ್ಚಮ್ಮ ಫೋನಿಟ್ಟಳು. ಗುಲ್ಷನ್ ಎಕ್ಸ್‌ಚೇಂಜಿನವರನ್ನು ಗೋಗರೆದು ಮತ್ತೆ ಲೈನು ಹಾಕಿಸಿದಳು. ಅತ್ತ ಗಂಟೆ ಹೊಡೆದುಕೊಳ್ಳುತ್ತಲೇ ಇತ್ತು, ಯಾರೂ ಎತ್ತಲಿಲ್ಲ. ಆಮೇಲೆ ಗಂಟೆಯೂ ನಡುವೆಯೇ ನಿಂತಿತು, ಲೈನು ಸತ್ತಿತ್ತು.