ಏಳು ತುಂಬ್ಯಾವ

ಶೈಲಾಳ ಕನ್ನಡವೆಂದರೆ ಮುಂಬಯಿಯ ಭಾಂಡುಪ್ ಚಾಳಿನ ಕನ್ನಡ. ಅರ್ಧ ಮರಾಠಿ, ಉಳಿದದ್ದರಲ್ಲಿ ಹಿಂದಿಗೂ ಪಾಲು. ತಾಯಿಯಿಲ್ಲದ ಅವಳನ್ನು ಸಾಕಿದವಳು ಅಜ್ಜಿ ಬಸಲಿಂಗವ್ವ. ಅಜ್ಜಿಯ ಮುಂದೆ ಮಾತ್ರ ಹುಡುಗಿ ಠೀವಿಯಿಂದ ಊರ ಮಾತಾಡಲು ಹೋಗುವಳು. ಅಜ್ಜಿ ಬಾಯಿಗೆ ಸೆರಗು ಹಿಡಿದು ನಗುವಳು.

ಊರಿಗೆ ಮರಳಿದ್ದ ಆ ಅಜ್ಜಿ ಈಗ ಬೆಳಗಾವಿಯ ಆಸ್ಪತ್ರೆಯಲ್ಲಿ ಕೊನೆಯ ದಿನಗಳಲ್ಲಿದ್ದಳು. ಇತ್ತ ಶೈಲಾಳಿಗೆ ಏಳನೆಯ ತಿಂಗಳು ಆಗಷ್ಟೇ ಹಿಡಿದಿತ್ತು. ಹಿಂದೊಮ್ಮೆ ಬಸಿರು ಇಳಿದುಹೋಗಿದ್ದರಿಂದ ಈ ಸಲ ಜೀವ ಕೈಯಲ್ಲಿ ಹಿಡಿದೇ ಓಡಾಡುತ್ತಿದ್ದಳು. ರೈಲಿನ ಕುಲುಕಾಟ ಬೇಡ, ವಿಮಾನಕ್ಕೆ ಅಡ್ಡಿಯಿಲ್ಲ ಎಂದು ಡಾಕ್ಟರು ಹೇಳಿದರು. ಗಂಡ ಸಚಿನ ಟಿಕೆಟ್ ನೋಡಿಯೂ ಇಟ್ಟ. ಆದರೂ ಅವಳ ಮನಸ್ಸು ಹೊಯ್ದಾಡಿತು. ಹೋಗದಿದ್ದರೆ ಅಜ್ಜಿ ಇನ್ನು ಸಿಗುವುದಿಲ್ಲ. ಹೋಗಿ, ಅಲ್ಲೇನಾದರೂ ಹೆಚ್ಚುಕಡಿಮೆಯಾದರೆ? ಕೊನೆಗೆ, ಅಜ್ಜಿ ಬಾ ಅಂದರೆ ಹೋಗುವುದು ಎಂದುಕೊಂಡು ಆ ಭಾರವನ್ನು ಸಾಯುತ್ತಿದ್ದವಳ ತಲೆಗೇ ಕಟ್ಟಿದಳು.

ಫೋನಿನಲ್ಲಿ ಅಜ್ಜಿ ಕೇಳಿದ್ದು ಒಂದೇ, ಎಷ್ಟು ತಿಂಗಳೆಂದು.

“ಏಳು ತುಂಬ್ಯಾವ, ಅಜ್ಜಿ.”



“ಬ್ಯಾಡ ನನ್ನವ್ವ, ಬರಬ್ಯಾಡ. ಹಡದು ಕೂಸಿನ್ನ ಕರಕೊಂಡು ಬಾ.”

ವಾರದೊಳಗೆ ಬಸಲಿಂಗವ್ವ ತೀರಿಕೊಂಡಳು. ಬಸುರಿಯಾದವಳು ಹೆಣ ನೋಡಬಾರದೆಂದು ಶೈಲಾಳನ್ನು ಮಣ್ಣಿಗೂ ಕರೆಯಲಿಲ್ಲ.

ತಿಂಗಳು ಕಳೆದ ಮೇಲೆ ತಾಯಿಯ ತಂಗಿ ಚಂದ್ರವ್ವ ಬಾಣಂತನಕ್ಕೆಂದು ಬೆಳಗಾವಿಯಿಂದ ಬಂದಳು. ಅಜ್ಜಿಯ ಹಾಸಿಗೆಯ ಪಕ್ಕ ಕಡೆತನಕ ಇದ್ದವಳು ಅವಳೇ. ಚೀಲ ಕೆಳಗಿಡುತ್ತಲೇ ಶೈಲಾಳನ್ನು ಮೇಲಿಂದ ಕೆಳಗೆ ನೋಡಿ, ಒಂಬತ್ತರಲ್ಲಿ ಬಿದ್ದವಳ ಹೊಟ್ಟೆ ಇಷ್ಟು ಸಣ್ಣದೇ ಎಂದು ಕೇಳಿದಳು. ಒಂಬತ್ತೆಲ್ಲಿ ಬಂತು, ಈಗ ಎಂಟು ಶುರು, ಅವತ್ತು ಏಳನೆಯದು ಚಾಲೂ ಇತ್ತು ಎಂದಳು ಶೈಲಾ.

ಚಂದ್ರವ್ವನಿಗೆ ಆಗ ತಿಳಿಯಿತು. ಏಳು ತುಂಬಿತೆಂದರೆ ಏಳು ಮುಗಿದು ಎಂಟು ಬಿತ್ತೆಂದೇ ಅರ್ಥ. ಎಂಟರಲ್ಲಿ ಬಸುರಿ ಊರು ದಾಟಬಾರದೆಂಬುದನ್ನು ಬಸಲಿಂಗವ್ವ ಜೀವಮಾನದಲ್ಲಿ ಯಾರಿಗೂ ಮುರಿಯಗೊಟ್ಟವಳಲ್ಲ. ‘ಚಾಲೂ’ ಅಂದಿದ್ದರೆ ಸಾಕಿತ್ತು. ಅಜ್ಜಿಗೆ ಚೆಂದ ಕೇಳಿಸಲೆಂದು ಹುಡುಗಿ ಅರ್ಥ ಸರಿಯಾಗಿ ತಿಳಿಯದೆ ಅಜ್ಜಿಯ ಮಾತನ್ನೇ ಎತ್ತಿಕೊಂಡಿದ್ದಳು.

“ಏಳರಾಗ ಅದಾಳಂತ ಗೊತ್ತಿದ್ರ ಕರಸೇ ಕರಸ್ತಿದ್ಳು,” ಎಂದಳು ಚಂದ್ರವ್ವ. “ಹಾಸಿಗ್ಯಾಗ ಮಲಕೊಂಡೇ ನಿನ್ನ ಏಳರ ಕುಬಸಾ, ಸೀಮಂತದ ಶಾಸ್ತ್ರಾ ಮಾಡ್ತೀನಂತ ಹಸರ ಸೀರಿ ತರಿಸಿದ್ಳು. ಫೋನ್ ಇಟ್ಟ ಮ್ಯಾಲ, ಸೀರಿ ನನ್ನ ಕಣ್ಣಿಗೆ ಕಾಣದಂಗ ಇಡು ಅಂದ್ಳು.”

ಶೈಲಾ ಗೋಡೆಗೆ ಒರಗಿ ಗೋಳಾಡಿ ಅತ್ತಳು. ತಪ್ಪು ನಿನ್ನದಲ್ಲ, ಒಂದು ಮಾತಿನದು ಎಂದು ಚಂದ್ರವ್ವ ಬೆನ್ನು ಸವರಿದಳು. ಅದನ್ನು ನಂಬಿ ಸುಮ್ಮನಾಗಬಹುದಿತ್ತು. ಶೈಲಾಳಿಂದ ಅದಾಗಲಿಲ್ಲ.

“ಚಿಗವ್ವಾ, ಬರಬ್ಯಾಡ ಅಂದಾಗ ನಂಗ ಹಗೂರ ಆತು. ಅವತ್ತ ನಾ ಹೊಟ್ಟಿ ತುಂಬ ಉಂಡೆ.”