ಸೋಮನನ್ನು ಕರೆಯುವ ದೃಶ್ಯ

ರಜನಿ ಬೇಸ್‌ಮೆಂಟಿನ ಮೆಟ್ಟಿಲಿಳಿದು ಬಂದದ್ದೇ ತಡ, ಅಲ್ಲಿ ನಡೆಯುತ್ತಿದ್ದ ಮಾತು ಗಪ್ಪನೆ ನಿಂತಿತು. ವೆಸ್ಟ್ ವಿಂಡ್ಸರಿನ ಪ್ರಭಾಕರ ಅವರ ಮನೆಯಲ್ಲಿ ಕನ್ನಡ ಸಂಘದ ರಾಜ್ಯೋತ್ಸವದ ನಾಟಕಕ್ಕೆ ಸಭೆ ಸೇರಿತ್ತು. ಫೆಬ್ರವರಿಯಿಂದೀಚೆಗೆ ಅವಳು ಇಂಥ ಕಡೆ ಕಾಲಿಟ್ಟವಳಲ್ಲ. ಬರುತ್ತಾಳೆಂದು ಯಾರೂ ಎಣಿಸಿರಲಿಲ್ಲ. ಹಿಂದೆಯೇ ಬಂದ ಗಂಡ ಶ್ರೀನಿ ಕಾರಿನ ಕೀ ಕೈಯಲ್ಲಿ ಹಿಡಿದುಕೊಂಡು ಕೊನೆಯ ಮೆಟ್ಟಿಲ ಮೇಲೆಯೇ ನಿಂತ.

"ಬಾಮ್ಮ, ಬಾ," ಎಂದು ಸಂಘದ ಅಧ್ಯಕ್ಷ ಪ್ರಭಾಕರ ಎದ್ದು ಕುರ್ಚಿ ಎಳೆದರು. ಅವರ ಹೆಂಡತಿ ರಮಾಮಣಿ ಕಾಫಿ ತಂದರು. ಎಲ್ಲರೂ ಹವೆಯ ವಿಚಾರ ಮಾತಾಡಿದರು. ಏನು ಮಾತಾಡಬೇಕೆಂದು ತಿಳಿಯದಾಗ ನ್ಯೂಜೆರ್ಸಿಯಲ್ಲಿ ಹವೆ ಇದ್ದೇ ಇದೆ. ಈ ವರ್ಷ ಸ್ನೋ ಬೇಗ ಬೀಳುತ್ತಂತೆ ಎಂದು ಯಾರೋ ಶುರುಮಾಡುವಷ್ಟರಲ್ಲಿ ನಾಟಕದ ತಂಡದ ರೇಣು ಜೋರಾಗಿ ಕೆಮ್ಮಿದಳು, ಅದೂ ನಿಂತುಹೋಯಿತು. ರಜನಿಯ ಮಗಳು ಮಾನಸಿ ಫೆಬ್ರವರಿಯಲ್ಲಿ ಕಾಲೇಜಿಗೆ ವಾಪಸು ಡ್ರೈವ್ ಮಾಡುತ್ತಿದ್ದಾಗ ರಸ್ತೆಯಲ್ಲಿ ಕಣ್ಣಿಗೆ ಕಾಣದಂತೆ ಹೆಪ್ಪುಗಟ್ಟಿದ್ದ ಬ್ಲ್ಯಾಕ್ ಐಸಿನ ಮೇಲೆ ಕಾರು ಜಾರಿ ತೀರಿಕೊಂಡಿದ್ದಳು. ಒಬ್ಬಳೇ ಮಗಳು.

"ಈ ಸಲ ಕಾಮಿಡಿ ಮಾಡ್ತೀರಂತೆ," ಎಂದಳು ರಜನಿ.

ಪ್ರಭಾಕರ ಅವರು ರಾಘವೇಂದ್ರರ ಮುಖ ನೋಡಿದರು. ಧಾರವಾಡದ ರಾಘವೇಂದ್ರ ರಿಟೈರಾದ ಪ್ರೊಫೆಸರು, ಸಂಘದ ನಾಟಕಗಳಿಗೆಲ್ಲ ನಿರ್ದೇಶಕರು. ಈ ವರ್ಷಕ್ಕೆಂದು ತಾವೇ ಒಂದು ನಾಟಕ ಬರೆದಿಟ್ಟಿದ್ದರು. ಅದರಲ್ಲೊಬ್ಬ ತಾಯಿಯ ಮಗ ಸೋಮ ಕೆರೆಯಲ್ಲಿ ಮುಳುಗಿ ಸಾಯುತ್ತಾನೆ. ಆಕೆ ಮಾತ್ರ ಅದನ್ನು ಒಪ್ಪದೆ ಸಂಜೆ ಕಂದೀಲು ಹಿಡಿದು ಕೆರೆಯ ಏರಿಯ ಮೇಲೆ ನಿಂತು ಮಗನನ್ನು ಊಟಕ್ಕೆ ಕರೆಯುತ್ತಾಳೆ. ಆ ಪಾತ್ರ ರಜನಿಗೆಂದು ಹೋದ ವರ್ಷವೇ ನಿಶ್ಚಯವಾಗಿತ್ತು. ಈಗ ಅವಳ ಕಣ್ಣೆದುರಿಗೆ ಸತ್ತ ಮಗುವಿನ ನಾಟಕ ಆಡುವುದೆಂದರೇನು! ಎಲ್ಲರೂ ಕೂಡಿ, ಒಳ್ಳೆಯ ಮನಸ್ಸಿನಿಂದಲೇ, ಬಾಡಿಗೆ ಮನೆಯ ಜಗಳದ್ದೊಂದು ನಗೆನಾಟಕ ಆರಿಸಿಕೊಂಡಿದ್ದರು.

"ನಿನ್ನ ಸಲುವಾಗಿನ ಬಿಟ್ವಿ, ತಂಗಿ," ಎಂದರು ರಾಘವೇಂದ್ರ. "ನಿನಗ ನೋವಾಗಬಾರದು ಅಂತ."

"ನೋವಾಗದೇ ಇರೋ ಜಾಗ ಯಾವುದಿದೆ ಸರ್ ನಂಗೆ? ಆ ನಾಟಕಾನೇ ಮಾಡಿ. ಆ ಪಾತ್ರ ನಂಗೇ ಬೇಕು."

"ವರ್ಷ ತುಂಬಿಲ್ವಲ್ಲಮ್ಮ," ಎಂದು ರಮಾಮಣಿ ಮೆಲ್ಲಗೆ ಅಂದರು. "ಬಣ್ಣ ಹಚ್ಚಬಹುದಾ?"

"ಕೆರೆ ಏರಿ ಮೇಲೆ ನಿಂತಿರೋ ತಾಯಿ ಯಾವ ಬಣ್ಣ ಹಚ್ತಾಳೆ, ಆಂಟಿ?"

ರಾಘವೇಂದ್ರ ಕನ್ನಡಕ ತೆಗೆದು ಒರೆಸಿದರು. "ಆತು. ಆದರ ಒಂದು ಮಾತು. ರೇಣೂನೂ ಆ ಪಾತ್ರ ಬಾಯಿಪಾಠ ಮಾಡಿ ಇಟ್ಟಿರಲಿ," ಎಂದರು.

ಅಪಘಾತವಾದ ಮೇಲೆ ರಜನಿ ಸ್ಟಿಯರಿಂಗ್ ಮುಟ್ಟಿರಲಿಲ್ಲ. ಎಲ್ಲಿಗೆ ಹೋಗಬೇಕಾದರೂ ಶ್ರೀನಿಯೇ ಕರೆದೊಯ್ಯಬೇಕು. ವಾಪಸು ಹೋಗುವಾಗ ಸಿಗ್ನಲ್ಲಿನಲ್ಲಿ ಕಾರು ನಿಂತಾಗ ಅವನು ಮೊದಲ ಸಲ ಬಾಯಿಬಿಟ್ಟ.

"ನೀನು ಅಳೋದನ್ನ ಇಡೀ ಸಂಘ ಟಿಕೆಟ್ ತಗೊಂಡು ನೋಡ್ಬೇಕಾ?"

"ಮನೇಲಿ ಅತ್ರೆ ನೀವು ಎದ್ದು ಗರಾಜಿಗೆ ಹೋಗ್ತೀರಿ. ಮತ್ತೆಲ್ಲಿ ಅಳ್ಲಿ, ಹೇಳಿ."

ಹಸಿರು ದೀಪ ಬಂತು. ಹಿಂದಿನ ಕಾರಿನವನು ಹಾರ್ನ್ ಮಾಡುವವರೆಗೆ ಶ್ರೀನಿ ಅಲುಗಲಿಲ್ಲ. "ಈ ಸಲ ಲೈಟ್ಸ್ ನಾನು ಮಾಡಲ್ಲ," ಎಂದಷ್ಟೇ ಹೇಳಿದ. ಸಂಘದ ನಾಟಕಗಳಿಗೆ ವರ್ಷಾ ವರ್ಷಾ ಬೆಳಕು ಅವನದೇ ಆಗಿತ್ತು.

ಶ್ರೀನಿ ಕೆಟ್ಟವನಲ್ಲ. ಸೀಕಾಕಸ್ಸಿನಲ್ಲಿ ಟ್ರೇನು ಬದಲಿಸಿ ಮ್ಯಾನ್‌ಹಟನ್ನಿಗೆ ಕೆಲಸಕ್ಕೆ ಹೋಗಿ ಬರುತ್ತಿದ್ದ, ಪಾತ್ರೆ ತೊಳೆಯುತ್ತಿದ್ದ, ರಜನಿ ಮಾತ್ರೆ ನುಂಗಿದಳೋ ಇಲ್ಲವೋ ನೋಡುತ್ತಿದ್ದ. ಆದರೆ ಮಗಳ ಹೆಸರು ಅವನ ಬಾಯಿಂದ ಬಂದು ಎಷ್ಟೋ ತಿಂಗಳಾಗಿತ್ತು. ಮಾನಸಿಯ ಕೋಣೆ ಈಗ 'ಮೇಲಿನ ರೂಮು'. ಅವಳ ಸಾವು 'ಆ ವಿಷಯ'. ಗರಾಜಿನಲ್ಲಿ ಅವನು ಏನು ಮಾಡುತ್ತಿದ್ದನೋ ದೇವರಿಗೇ ಗೊತ್ತು, ಬಾಗಿಲು ಹಾಕಿಕೊಂಡಿರುತ್ತಿತ್ತು.

ರಜನಿಯಾದರೂ ಬಾಯಿಬಿಟ್ಟು ಅತ್ತಿದ್ದಳೆಂದಲ್ಲ. ಶವಸಂಸ್ಕಾರದ ದಿನ ಫ್ಯೂನರಲ್ ಹೋಮಿನಲ್ಲಿ ಅಳಲೆಂದು ಬಾಯಿ ತೆರೆದಿದ್ದಳು, ನಿಜ. ಅಷ್ಟರಲ್ಲಿ ಸೂಟು ಹಾಕಿದ ಒಬ್ಬಾತ ಬಹಳ ಮರ್ಯಾದೆಯಿಂದ ನೀರಿನ ಲೋಟ ಹಿಡಿದ. ಹೊರಗೆ ಇನ್ನೊಂದು ಕುಟುಂಬ ತನ್ನ ಸರದಿಗೆ ಕಾಯುತ್ತಿತ್ತು. ಅವಳು ನೀರು ಕುಡಿದಳು. ಆಮೇಲೆ ಲೈಬ್ರರಿಯಲ್ಲಿ ಮನೆಯವರನ್ನು ಕಳೆದುಕೊಂಡವರು ಸೇರುವ ಗ್ರೀಫ್ ಗ್ರೂಪಿಗೂ ಹೋಗಿ ಬಂದಳು. ಅಲ್ಲಿ ಸುತ್ತ ಕುರ್ಚಿ, ನಡುವೆ ಟಿಶ್ಯೂ ಡಬ್ಬಿ. ಒಬ್ಬೊಬ್ಬರೂ ಸ್ವಲ್ಪ ಸ್ವಲ್ಪ ಹೇಳಿಕೊಳ್ಳಬೇಕು, ಹೇಳಿದ್ದಕ್ಕೆ ಥ್ಯಾಂಕ್ಸ್ ಅನ್ನುತ್ತಾರೆ. ಥ್ಯಾಂಕ್ಸ್ ಅನ್ನಿಸಿಕೊಂಡು ಬಂದಳು.

ಮಂಡ್ಯದ ಕಡೆಯ ಹಳ್ಳಿಯಲ್ಲಿ ತಾತ ಸತ್ತಾಗ ಅವಳ ಅಜ್ಜಿ ಶಿವಲಿಂಗಮ್ಮ ಎದೆ ಬಡಿದುಕೊಂಡು ಹಾಡಾಡಿ ಅತ್ತಿದ್ದಳು. ಗಂಡ ಉತ್ತ ಹೊಲ, ಬೈದ ಬೈಗುಳ, ಉಣ್ಣದೆ ಬಿಟ್ಟ ಊಟ, ಎಲ್ಲವನ್ನೂ ರಾಗ ಹಾಕಿ ಹೇಳಿ ಅವನನ್ನು ಕರೆದಿದ್ದಳು. ಇಂಜಿನಿಯರಿಂಗ್ ಓದುತ್ತಿದ್ದ ರಜನಿ, ಜೊತೆಗೆ ಬಂದಿದ್ದ ಬೆಂಗಳೂರಿನ ಗೆಳತಿಯರ ಮುಂದೆ ನಾಚಿಕೊಂಡು, ಅಜ್ಜಿಯ ಭುಜ ಹಿಡಿದು ಸಾಕು ಸುಮ್ಮನಿರು ಎಂದಿದ್ದಳು. ಈಗ ಆ ಹಾಡಿನ ಒಂದು ಸಾಲೂ ನೆನಪಿಗೆ ಬರುತ್ತಿರಲಿಲ್ಲ. ರಾಘವೇಂದ್ರರ ನಾಟಕ ಓದಿದಾಗ, ಇವರಿಗೆ ಇದು ಹೇಗೆ ಗೊತ್ತಾಯಿತಪ್ಪ ಅನ್ನಿಸಿತ್ತು.

ಆದರೆ ತಾಲೀಮಿನಲ್ಲಿ ಮಗನನ್ನು ಕರೆಯುವ ಆ ಕರೆ ಬರಲೇ ಇಲ್ಲ. ಉಳಿದೆಲ್ಲ ಮಾತೂ ನೀರು ಕುಡಿದಂತೆ ಬಂದವು. ಕರೆಯುವ ಜಾಗ ಬಂದಾಗ ಮಾತ್ರ "ಇಲ್ಲಿ ಕರೀತಾಳೆ," ಎಂದು ಒಣ ದನಿಯಲ್ಲಿ ಹೇಳಿ ಮುಂದಕ್ಕೆ ಹೋಗುತ್ತಿದ್ದಳು. ಶ್ರೀನಿ ಹೊರಗೆ ಪಾರ್ಕಿಂಗ್ ಲಾಟಿನಲ್ಲಿ, ಕಾರಿನೊಳಗೆ, ಲ್ಯಾಪ್‌ಟಾಪ್ ತೆರೆದು ಕೂತಿರುತ್ತಿದ್ದ.

ಕೊನೆಯ ತಾಲೀಮು ಭಾನುವಾರ ಮಧ್ಯಾಹ್ನ, ನಾಟಕ ಆಡಲಿದ್ದ ಸ್ಕೂಲಿನ ಆಡಿಟೋರಿಯಮ್ಮಿನಲ್ಲೇ ನಡೆಯಿತು. ರಾಘವೇಂದ್ರ ರಜನಿಯನ್ನು ಪಕ್ಕಕ್ಕೆ ಕರೆದರು. "ಇವತ್ತೂ ಬರಲಿಲ್ಲಂದ್ರ..."

"ರೇಣು ಮಾಡ್ಲಿ ಸರ್. ನಾನು ಮನೇಗೆ ಹೋಗ್ತೀನಿ," ಎಂದಳು ರಜನಿ. ಹಾಗೆ ಹೋದರೆ ಮತ್ತೆ ಯಾವತ್ತೂ ಬಾಯಿ ಬಿಡಲಾರೆ ಎಂದು ಅವಳಿಗೆ ಗೊತ್ತಿತ್ತು. ರೇಣು ಸಂಕಟಪಟ್ಟುಕೊಂಡು ನೆಲ ನೋಡಿದಳು.

ಅಷ್ಟರಲ್ಲಿ ಬೆಳಕಿನ ತಾಪತ್ರಯ ಶುರುವಾಯಿತು. ಹಾಲ್‌ನ ಹಿಂಭಾಗದ ಲೈಟ್ ಬೋರ್ಡಿನ ಮುಂದೆ ಪ್ರಭಾಕರ ಕೂತಿದ್ದರು. ಆಸ್ಪತ್ರೆಯಲ್ಲಿ ಹೃದಯ ಕೊಯ್ದು ಹೊಲಿಯುವ ಈ ಡಾಕ್ಟರಿಗೆ ವೇದಿಕೆಯ ಮೇಲೆ ಸಂಜೆ ಮಾಡುವುದು ಬರಲಿಲ್ಲ. ಒಂದೋ ಧಗಧಗ ಮಧ್ಯಾಹ್ನ, ಇಲ್ಲವೋ ಕಗ್ಗತ್ತಲೆ. ರಾಘವೇಂದ್ರ ಹೊರಗೆ ಹೋಗಿ ಕಾರಿನ ಕಿಟಕಿ ತಟ್ಟಿದರು.

"ಶ್ರೀನಿ, ಬಾರಪಾ. ನಮಗ ಸಂಜೀ ಮಾಡಲಿಕ್ಕೆ ಬರವಲ್ದು."

ಶ್ರೀನಿ ಜಾಕೆಟ್ಟನ್ನೂ ತೆಗೆಯದೆ ಬಂದು ಕೂತ. ವೇದಿಕೆಯ ಕಡೆ ನೋಡಲಿಲ್ಲ. ಸ್ಲೈಡರುಗಳನ್ನು ಒಂದೊಂದಾಗಿ ಇಳಿಸಿದ. ಬಿಸಿಲು ಕೆಂಪಾಯಿತು, ಕೆಂಪು ಮಂಕಾಯಿತು. ಕೊನೆಗೆ ವೇದಿಕೆಯ ಏರಿಯ ಮೇಲೆ ಎದುರಿಗಿದ್ದವರ ಮುಖ ಅರ್ಧ ಮಾತ್ರ ಕಾಣುವಂಥ ಹೊತ್ತು ಬಂದು ನಿಂತಿತು. ಫ್ಲೋರಲ್ ಪಾರ್ಕಿನ ಇಂಡಿಯನ್ ಅಂಗಡಿಯಿಂದ ತಂದ ಬ್ಯಾಟರಿ ಕಂದೀಲು ರಜನಿಯ ಕೈಯಲ್ಲಿ ಸಣ್ಣಗೆ ಉರಿಯುತ್ತಿತ್ತು.

"ಇಲ್ಲಿ..." ಎಂದಳು. ಕಂದೀಲನ್ನು ಇನ್ನೊಂದು ಕೈಗೆ ತೆಗೆದುಕೊಂಡಳು.

"ಸೋಮಾ," ಎಂದು ಕರೆದಳು. ಸಣ್ಣ ದನಿ, ಒಡೆದ ದನಿ. ಮತ್ತೆ ಕರೆದಳು. "ಬಾರೋ ನನ್ನಪ್ಪ, ಕತ್ಲಾಯ್ತು. ಇಟ್ಟು ಆರೋಯ್ತದೆ. ಯಾರ ಮ್ಯಾಲೆ ಮುನಿಸ್ಕಂಡೆ ನನ್ ಕಂದ? ಎಷ್ಟೊತ್ತು ಅಂತ ಅಲ್ಲಿ ಒಬ್ನೇ ಮಲಗಿರ್ತೀಯ, ಚಳಿ ಆಯ್ತದೆ, ಬಾ..."

ರಾಘವೇಂದ್ರ ಬರೆದದ್ದು ಧಾರವಾಡದ ಮಾತು, ಅದರಲ್ಲಿ ರೊಟ್ಟಿ ಇತ್ತು. ಇದು ರಾಗಿ ಹಿಟ್ಟು ಉಣ್ಣುವ ಮಂಡ್ಯದ ಕಡೆಯ, ಅಜ್ಜಿ ಶಿವಲಿಂಗಮ್ಮನ ಮಾತು. ಅವರು ತಿದ್ದಲಿಲ್ಲ. ರಜನಿ ಎದೆ ಬಡಿದುಕೊಂಡು ಅಳುತ್ತಿದ್ದಳು, ರಾಗ ಹಾಕಿ, ನಾಚಿಕೆಯಿಲ್ಲದೆ. ರಮಾಮಣಿ ಸೆರಗು ಬಾಯಿಗೆ ಒತ್ತಿಕೊಂಡರು.

ಮೂರನೆಯ ಕರೆಗೆ ಬೆಳಕು ಪೂರ್ತಿ ಆರಬೇಕು, ಅಲ್ಲಿಗೆ ದೃಶ್ಯ ಮುಗಿಯಬೇಕು. ಅವಳು ಮೂರನೆಯ ಸಲ ಕರೆದಳು. ಬೆಳಕು ಆರಲಿಲ್ಲ.

"ಲೈಟ್, ಶ್ರೀನಿ," ಎಂದರು ರಾಘವೇಂದ್ರ.

ಶ್ರೀನಿಯ ಬೆರಳು ಸ್ಲೈಡರಿನ ಮೇಲೆಯೇ ಇತ್ತು. ಇಳಿಸಲಿಲ್ಲ. ಹಾಲ್‌ನ ಹಿಂಭಾಗದಿಂದ ಅವನ ದನಿ ಬಂತು.

"ಇನ್ನೊಂದ್ಸಲ ಕರಿ, ರಜನಿ."

ರಜನಿ ಕೈಯನ್ನು ಹುಬ್ಬಿಗೆ ಅಡ್ಡ ಹಿಡಿದು ಖಾಲಿ ಕುರ್ಚಿಗಳಾಚೆ ನೋಡಿದಳು. ಅವನ ಮುಖ ಕಾಣಿಸಲಿಲ್ಲ.

"ಸೋಮನ್ನಾ?" ಎಂದು ಕೇಳಿದಳು.

"ಅಲ್ಲ," ಎಂದ ಶ್ರೀನಿ. ಆಮೇಲೆ ಬಹಳ ಕಷ್ಟಪಟ್ಟು ಹೇಳಿದ, "ಮಾನಸೀನ."

ಅವಳು ಮೂಗು ಒರೆಸಿಕೊಂಡಳು. ಏರಿಯ ತುದಿಗೆ ಎರಡು ಹೆಜ್ಜೆ ಮುಂದೆ ಬಂದು, ದೂರದವರಿಗೂ ಕಾಣಲಿ ಎಂಬಂತೆ, ಕಂದೀಲನ್ನು ತಲೆಗಿಂತ ಮೇಲೆ ಎತ್ತಿ ಹಿಡಿದಳು.