ತೇಪೆ ಬೆಡ್‌ಶೀಟಿನ ಕೆಳಗೆ ಸಿಕ್ಕಿದ್ದು

ಜನ ಮರೆತು ಹೋದ ವಸ್ತುಗಳಲ್ಲಿ ನನ್ನ ಕೈಗೆ ಸಿಕ್ಕಿದ್ದನ್ನೆಲ್ಲ ಒಂದರ ಮೇಲೊಂದು ಪೇರಿಸಿದ್ದರೆ ಇಷ್ಟು ಹೊತ್ತಿಗೆ ಚಂದ್ರನಿಗೆ ಏಣಿ ಆಗಿರುತ್ತಿತ್ತು. ನಮ್ಮದು ಲಾಂಡ್ರಿ. ಮೂರು ಲಾಡ್ಜು, ಒಂದು ಆಸ್ಪತ್ರೆ, ಇಷ್ಟರ ಬಟ್ಟೆಯೂ ನಮ್ಮಲ್ಲಿಗೇ ಬರುತ್ತದೆ. ಮಗ ವ್ಯಾನಿನಲ್ಲಿ ತಂದು ಸುರಿಯುತ್ತಾನೆ. ಸೊಸೆ ಒಗೆದು ಇಸ್ತ್ರಿ ಮಾಡುತ್ತಾಳೆ. ನಾನು ಜೇಬು ತಡಕುತ್ತೇನೆ, ಹಿತ್ತಲಿನ ತಂತಿಗೆ ಬಟ್ಟೆ ಹಾಕುತ್ತೇನೆ, ತೆಗೆಯುತ್ತೇನೆ. ಉಳಿದ ಹೊತ್ತಿನಲ್ಲಿ ಬಾಯಿ ಆಡಿಸುತ್ತೇನೆ. ಅದಕ್ಕೆ ಸಂಬಳವಿಲ್ಲ.

ಸೊಸೆಗೆ ನಾನು ಇಟ್ಟ ಹೆಸರು ‘ಸರ್ಕಾರ’. ಎಲ್ಲದಕ್ಕೂ ಅವಳಲ್ಲಿ ಒಂದು ಕಾನೂನಿದೆ. ಬಟ್ಟೆಯ ಜೊತೆ ಏನು ಸಿಕ್ಕರೂ, ಬಾಚಣಿಗೆಯಾಗಲಿ, ಬೀಗದ ಕೈಯಾಗಲಿ, ಒಮ್ಮೆ ಸಿಕ್ಕಿದ ಹಲ್ಲಿನ ಸೆಟ್ಟೇ ಆಗಲಿ, ಅದಕ್ಕೊಂದು ಚೀಟಿ ಪಿನ್ನು ಮಾಡಬೇಕು. ಏನು ಸಿಕ್ಕಿತು, ಎಲ್ಲಿ ಸಿಕ್ಕಿತು, ಕೊನೆಗೆ ‘ಯಜಮಾನರು ಬರುವ ತನಕ ಇಡುವುದು’. ಆಮೇಲೆ ಬಾಯ್ಲರ್ ಪಕ್ಕದ ಹಲಗೆಯ ಮೇಲೆ ಇಡಬೇಕು. ಕಳೆದುಕೊಂಡವರು ಕಳೆದುಕೊಂಡ ಜಾಗಕ್ಕೇ ಮೊದಲು ಬರುತ್ತಾರೆ ಎನ್ನುವುದು ಅವಳ ವೇದವಾಕ್ಯ.

ಅವತ್ತು ಮಧ್ಯಾಹ್ನ ಮೂರರ ಹೊತ್ತಿಗೆ ಬೆಡ್‌ಶೀಟು ತೆಗೆಯುತ್ತಿದ್ದೆ. ಹಿತ್ತಲಿನಲ್ಲಿ ಹನ್ನೆರಡು ತಂತಿ, ಕೆಳಗೆ ಮೊಣಕಾಲುದ್ದ ಹುಲ್ಲು. ಹುಲ್ಲು ಕೊಯ್ಯಿಸು ಎಂದು ಮಗನಿಗೆ ಹೇಳಿ ಹೇಳಿ ನನ್ನ ನಾಲಿಗೆ ಎರಡು ಇಂಚು ಸವೆದಿದೆ. ಒಂದು ಬೆಡ್‌ಶೀಟು ಎತ್ತಿದೆ, ಕೆಳಗೆ ಕಂದು ಬಣ್ಣದ ಕಾಲುಚೀಲ ಸುರುಳಿ ಸುತ್ತಿಕೊಂಡು ಬಿದ್ದಿತ್ತು. ಎತ್ತಿ ಬುಟ್ಟಿಗೆ ಹಾಕಿದೆ. ನನ್ನ ಕಣ್ಣಿಗೆ ದೂರದ ಹದ್ದು ಕಾಣುತ್ತದೆ, ಹತ್ತಿರದ ಸೂಜಿ ಕಾಣುವುದಿಲ್ಲ.

ಒಳಗೆ ಬಂದು ಬುಟ್ಟಿ ಇಳಿಸಿದರೆ ಕಾಲುಚೀಲ ಕಣ್ಣು ಮಿಟುಕಿಸಿತು.

“ಏನತ್ತೆ ಇದು?” ಎಂದಳು ಸೊಸೆ.

“ಕಾಲುಚೀಲ ಕಣೇ.”

“ಕಾಲುಚೀಲಕ್ಕೆ ಕಿವಿ ಇರುತ್ತಾ?”

ಇಬ್ಬರೂ ಬಗ್ಗಿ ನೋಡಿದೆವು. ಮೊಲದ ಮರಿ! ನನ್ನ ಮುಷ್ಟಿಯಷ್ಟಿತ್ತು. ಮೈ ತುಂಬ ಕೂದಲು, ಹಣೆಯ ಮೇಲೊಂದು ಬಿಳಿ ಚುಕ್ಕೆ, ಕಣ್ಣು ಮಾತ್ರ ಪ್ರಪಂಚವನ್ನೆಲ್ಲ ನುಂಗುವಷ್ಟು ದೊಡ್ಡದು. ಕೂಗಲಿಲ್ಲ, ಓಡಲಿಲ್ಲ. ಮೂಗು ಮಾತ್ರ ಹೊಲಿಗೆ ಮಷಿನ್ನಿನ ಸೂಜಿಯ ಹಾಗೆ ಟಕಟಕ ಆಡುತ್ತಿತ್ತು. ಯಾಕೆ ಹೀಗೆ ಸುಮ್ಮನಿದೆ, ಹೆದರಿದೆಯೋ, ನಮ್ಮನ್ನೇ ಲೆಕ್ಕಕ್ಕಿಟ್ಟಿಲ್ಲವೋ? ನನಗೆ ಕುತೂಹಲ ತಡೆಯಲಾಗಲಿಲ್ಲ.

ಸರ್ಕಾರ ಬಿಡುತ್ತಾಳೆಯೇ? ಮರಿಯನ್ನು ಟವೆಲಿನಲ್ಲಿ ಸುತ್ತಿ, ಟವೆಲಿಗೆ ಚೀಟಿ ಪಿನ್ನು ಮಾಡಿದಳು. ‘ಒಂದು. ಕಂದು. ಜೀವ ಇದೆ.’

“ಎಲ್ಲಿ ಸಿಕ್ತು?”

“ಹುಲ್ಲಲ್ಲಿ.”

ಅಷ್ಟನ್ನೇ ಬರೆದಳು. “ಇದರ ತಾಯಿ?”

“ಎಲ್ಲಿಯ ತಾಯಿ? ಬೆಳಿಗ್ಗೆಯಿಂದ ಅಲ್ಲೇ ಇದ್ದೀನಿ, ಒಂದು ನರಪಿಳ್ಳೆ ಸುಳಿದಿಲ್ಲ. ಇಷ್ಟು ಸಣ್ಣ ಕೂಸನ್ನ ಬಿಟ್ಟು ದಿನವಿಡೀ ತಿರುಗೋಕೆ ಹೋಗಿದ್ದಾಳೆ. ಎಂಥಾ ತಾಯಿನೋ!”

ಸೊಸೆ ನನ್ನ ಮುಖವನ್ನು ಒಂದು ಗಳಿಗೆ ನೋಡಿ ಇಸ್ತ್ರಿ ಪೆಟ್ಟಿಗೆ ಕೈಗೆತ್ತಿಕೊಂಡಳು. ಅವಳ ಮಗಳು ಆರು ತಿಂಗಳ ಕೂಸಾಗಿದ್ದಾಗ ಪಕ್ಕದ ಮನೆಯಲ್ಲಿ ಬಿಟ್ಟು ಇದೇ ಕೋಣೆಯಲ್ಲಿ ಇಸ್ತ್ರಿಗೆ ನಿಲ್ಲುತ್ತಿದ್ದಳು. ಆಗಲೂ ನಾನು ಇದೇ ಮಾತು ಆಡಿದ್ದೆ, ಇದೇ ರಾಗದಲ್ಲಿ. ಆಡಿದ ಮಾತಿಗೆ ಚೀಟಿ ಪಿನ್ನು ಮಾಡುವ ಕಾನೂನು ಇರಲಿಲ್ಲ, ಪುಣ್ಯ.

ನಾನು ಹಾಲು ಬಿಸಿ ಮಾಡಿ, ಹತ್ತಿಯ ಬತ್ತಿ ಅದ್ದಿ, ಮರಿಯ ಬಾಯಿಯ ಹತ್ತಿರ ಹಿಡಿದಿದ್ದೆ. ಅಷ್ಟರಲ್ಲಿ ತನ್ನ ಬಿಳಿ ಕೋಟು ಒಯ್ಯಲು ದನದ ಡಾಕ್ಟರಮ್ಮ ಬಂದಳು.

“ಅಜ್ಜೀ! ಕೈ ತೆಗೀರಿ!”

ಬತ್ತಿ ಕೈಯಿಂದ ಹಾರಿತು.

“ಕುಡಿಸಿಬಿಟ್ರಾ?”

“ಒಂದು ತೊಟ್ಟೂ ಇಲ್ಲ. ಹಾಲಿಗೆ ಏನಾಗಿದೆ ತಾಯಿ? ನಾನು ಅದನ್ನೇ ಕುಡಿದು ಬೆಳೆದವಳು.”

“ನೀವು ಕರು ತರ ಬೆಳೆದಿದ್ದೀರಾ. ಇದಕ್ಕೆ ಆ ಹಾಲು ಆಗಲ್ಲ. ಹೊಟ್ಟೆ ಕೆಟ್ಟೋ, ಶ್ವಾಸಕೋಶಕ್ಕೆ ಹೋಗಿಯೋ ಸಾಯುತ್ತೆ.” ಅವಳು ಮರಿಯನ್ನು ತಿರುಗಿಸಿ ನೋಡಿದಳು. ಗಾಯ ಇಲ್ಲ, ರಕ್ತ ಇಲ್ಲ, ಕಾಲು ಬೆಚ್ಚಗಿವೆ. “ಇದು ತಬ್ಬಲಿ ಅಲ್ಲ ಅಜ್ಜಿ. ನೀವು ಕದ್ಕೊಂಡು ಬಂದಿದ್ದೀರಾ.”

ಅರವತ್ತು ವರ್ಷದಲ್ಲಿ ಯಾರ ಅಂಗಿಯ ಒಂದು ಗುಂಡಿಯನ್ನೂ ಕದ್ದವಳಲ್ಲ ನಾನು. ಬಾಯಿ ಕಟ್ಟಿತು. ನನ್ನ ಬಾಯಿ ಕಟ್ಟಿದ್ದನ್ನು ನೋಡಲು ಟಿಕೆಟು ಇಟ್ಟರೂ ಜನ ಬರುತ್ತಿದ್ದರು.

“ಮತ್ತೆ ತಾಯಿ ಎಲ್ಲಿ?” ಸೊಸೆ ಕೇಳಿದಳು.

“ಬೇಕಂತಲೇ ದೂರ ಇದ್ದಾಳೆ. ಮರಿ ಮೈಗೆ ವಾಸನೆಯೇ ಇಲ್ಲ ಅನ್ನೋ ಹಾಗೆ ಇರುತ್ತೆ, ಅವಳ ಮೈಗೆ ಇದೆ. ಅವಳು ಪಕ್ಕದಲ್ಲಿ ಕೂತ್ರೆ ನಾಯಿ, ನರಿ ಹುಡುಕ್ಕೊಂಡು ಬರ್ತಾವೆ. ಅದಕ್ಕೇ ಹಗಲೆಲ್ಲ ಬಿಟ್ಟಿರ್ತಾಳೆ. ಮುಸ್ಸಂಜೆಗೆ ಬಂದು ಹಾಲು ಕೊಟ್ಟು ಹೋಗ್ತಾಳೆ. ದಿನಕ್ಕೆ ಒಂದೇ ಸಲ, ಬಿಟ್ಟ ಜಾಗದಲ್ಲೇ.”

“ಅವಳು ಬಂದಾಗ ಇದು ಅಲ್ಲಿ ಇಲ್ಲದಿದ್ರೆ?”

ಡಾಕ್ಟರಮ್ಮ ಮರಿಯನ್ನು ಮತ್ತೆ ಟವೆಲಿನಲ್ಲಿ ಸುತ್ತಿದಳು.

“ನಾನು ಮುಟ್ಟಿದ್ದೀನಲ್ಲ,” ಎಂದೆ. “ಸೋಪಿನ ವಾಸನೆ ಬೇರೆ. ಬಿಟ್ಟುಬಿಡ್ತಾಳಾ?”

“ಅಷ್ಟಕ್ಕೆಲ್ಲ ತಾಯಿ ಬಿಡಲ್ಲ ಅಜ್ಜಿ. ಎಲ್ಲಿಂದ ಎತ್ತಿದಿರಿ ತೋರಿಸಿ, ಅಲ್ಲೇ ಇಡೋಣ.”

ಹಿತ್ತಲಿಗೆ ಹೋಗಿ ನಿಂತೆ. ನಾಲ್ಕೂವರೆ ಆಗಿತ್ತು. ಹನ್ನೆರಡು ತಂತಿಯೂ ಬೋಳು, ಹುಲ್ಲು ಎಲ್ಲ ಕಡೆ ಒಂದೇ ಹಾಗೆ. ಸಮುದ್ರದಲ್ಲಿ ಉಗುರು ಬಿದ್ದ ಜಾಗ ತೋರಿಸು ಅಂದ ಹಾಗಾಯಿತು. ಈ ಕೂಸು ಸತ್ತರೆ ಕೊಂದವಳು ನಾನೇ.

“ಏನಾದ್ರೂ ಗುರುತು ನೆನಪು ಮಾಡ್ಕೊಳ್ಳಿ ಅತ್ತೆ.”

“ಬೆಡ್‌ಶೀಟು... ಅದರ ಮೇಲಿದ್ದ ಬೆಡ್‌ಶೀಟಿಗೆ ತೇಪೆ ಇತ್ತು ಕಣೇ. ನಾನೇ ಹಾಕಿದ್ದು. ಕುರುಡ ಬಿಡಿಸಿದ ಮೀನಿನ ಹಾಗಿದೆಯಲ್ಲ, ಅದು.”

ಸರ್ಕಾರ ಒಳಗೆ ಓಡಿದಳು. ಅವಳ ಇನ್ನೊಂದು ಕಾನೂನು ಆ ದಿನ ಕೈ ಹಿಡಿಯಿತು. ಒಂದು ತಂತಿಯ ಬಟ್ಟೆಯೆಲ್ಲ ಒಂದೇ ಕಟ್ಟು, ಎಡಗಡೆಯಿಂದ ತೆಗೆದ ಸಾಲಿನಲ್ಲೇ ಒಂದರ ಮೇಲೊಂದು ಇಡಬೇಕು, ಕಟ್ಟಿಗೆ ತಂತಿಯ ನಂಬರು. ಇಷ್ಟು ವರ್ಷ ಅದಕ್ಕೆ ನಾನು ಗೊಣಗಿದ್ದೇ ಗೊಣಗಿದ್ದು. ಐದನೇ ಕಟ್ಟಿನಲ್ಲಿ ಮೀನು ಸಿಕ್ಕಿತು.

“ಐದನೇ ತಂತಿ. ಆದ್ರೆ ಎಷ್ಟು ದೂರದಲ್ಲಿ?” ಎಂದಳು ಡಾಕ್ಟರಮ್ಮ. “ದೊಡ್ಡ ಬೆಡ್‌ಶೀಟು, ಸಣ್ಣ ಬೆಡ್‌ಶೀಟು ಎಲ್ಲ ಬೆರೆತಿದೆ.”

“ಇದ್ದ ಹಾಗೇ ಮತ್ತೆ ಹಾಕಿದ್ರೆ ಗೊತ್ತಾಗುತ್ತೆ,” ಎಂದಳು ಸೊಸೆ.

ಹಾಕಿದೆವು. ನಾನು ಅವಸರದಲ್ಲಿ ಮೇಲಿನಿಂದ ಶುರು ಮಾಡಿ ನಾಲ್ಕು ಹಾಕಿಬಿಟ್ಟೆ. “ಕಟ್ಟು ತಿರುಗಿಸಿ ಅತ್ತೆ! ಮೊದಲು ತೆಗೆದದ್ದು ಕೆಳಗಿರುತ್ತೆ!” ಅಂತ ಅವಳು ಕೂಗಿದ ಮೇಲೆ ಅಷ್ಟನ್ನೂ ಕಿತ್ತು ಮತ್ತೆ ಹಾಕಿದೆ. ಆಗಲೇ ಮಗನ ವ್ಯಾನು ಬಂತು.

“ಅಮ್ಮಾ, ಬಟ್ಟೆ ಇನ್ನೂ ಒದ್ದೆ ಇದ್ಯಾ?”

“ಇಲ್ಲಪ್ಪ, ಗರಿಗರಿ ಒಣಗಿದೆ.”

“ಮತ್ತೆ ಯಾಕೆ ಒಣಗೋಕೆ ಹಾಕ್ತಿದ್ದೀರಾ?”

“ನಿನ್ನ ಹೆಂಡ್ತಿ ಹೇಳಿದ್ಲು.”

ಮುಂದೆ ಒಂದು ಪ್ರಶ್ನೆಯಿಲ್ಲ. ಪಾಪ, ಅವನೂ ಒಂದು ಕಡೆ ಕ್ಲಿಪ್ಪು ಹಾಕತೊಡಗಿದ.

ಏಳನೆಯದು ಮೀನಿನ ಬೆಡ್‌ಶೀಟು. ಅದರ ಕೆಳಗೆ ಮಂಡಿಯೂರಿ ಹುಲ್ಲು ಸರಿಸಿದೆ. ಒಂದು ಬಟ್ಟಲಿನಷ್ಟು ಜಾಗದಲ್ಲಿ ಹುಲ್ಲು ಮಡಚಿ ಒತ್ತಿಕೊಂಡಿತ್ತು, ಯಾರೋ ಮೊಣಕೈ ಊರಿ ಕೂತು ಎದ್ದ ಹಾಗೆ. ಗೂಡೂ ಅಲ್ಲ, ಬಿಲವೂ ಅಲ್ಲ. ಇಷ್ಟೇನಾ ಇದರ ಮನೆ? ಮರಿಯನ್ನು ಇಳಿಸಿದೆ. ಅದು ಅಚ್ಚಿಗೆ ಬೆಲ್ಲ ಹುಯ್ದ ಹಾಗೆ ಆ ಗುಳಿಯಲ್ಲಿ ಸರಿಯಾಗಿ ಕೂತಿತು, ಕಿವಿ ಬೆನ್ನಿಗೆ ಅಂಟಿಸಿಕೊಂಡಿತು. ಕಣ್ಣ ಮುಂದೆಯೇ ಇದ್ದದ್ದು ಕಾಣದಾಯಿತು.

ಬೆಡ್‌ಶೀಟು ತೆಗೆದು ಒಳಗೆ ಬಂದೆವು. “ದೂರದಿಂದ ನೋಡಿ, ಹತ್ತಿರ ಹೋಗ್ಬೇಡಿ,” ಎಂದಳು ಡಾಕ್ಟರಮ್ಮ. “ಬೆಳಿಗ್ಗೆ ಅದು ಸೊರಗಿ ತಣ್ಣಗಾಗಿದ್ರೆ ನಂಗೆ ಫೋನ್ ಮಾಡಿ. ಅಜ್ಜಿ, ಇನ್ಮೇಲೆ ಕಾಲುಚೀಲ ಕಂಡ್ರೆ ಮೊದಲು ನನ್ನನ್ನ ಕೇಳಿ.” ಕೋಟು ತೆಗೆದುಕೊಂಡು ಹೊರಟಳು.

ಇಸ್ತ್ರಿ ಕೋಣೆಯ ದೀಪ ಆರಿಸಿ, ಕಿಟಕಿಗೆ ನಾನು, ಸೊಸೆ ಅಂಟಿ ನಿಂತೆವು. ಆಕಾಶ ಬೂದಿ ಬಣ್ಣಕ್ಕೆ ತಿರುಗಿತು. ಹಿತ್ತಲಿನಲ್ಲಿ ಏನೂ ಇಲ್ಲ. ಸ್ವಲ್ಪ ಹೊತ್ತಾಯಿತು, ಆಗಲೂ ಏನೂ ಇಲ್ಲ. ನಾನು ಉಸಿರು ಬಿಗಿಹಿಡಿದು ಒಂದು ವರ್ಷವೇ ಆಗಿರಬೇಕು.

“ಬರ್ತಾಳಾ?” ಎಂದೆ.

“ಬರ್ತಾಳೆ.”

“ನಿಂಗೆ ಹೇಗೆ ಗೊತ್ತು?”

“ಬರದೆ ಇರೋಕಾಗಲ್ಲ ಅತ್ತೆ. ಆರು ಗಂಟೆ ಆಗೋ ಹೊತ್ತಿಗೆ ಎದೆ ಭಾರ ಆಗುತ್ತೆ, ಕಾಲು ತಾನೇ ಆ ಕಡೆ ಓಡುತ್ತೆ.” ಅವಳು ಕಿಟಕಿಯಿಂದ ಕಣ್ಣು ತೆಗೆಯಲಿಲ್ಲ. “ಹಗಲೆಲ್ಲ ದೂರ ಇದ್ರೂ ಮನಸ್ಸು ಅಲ್ಲೇ ಇರುತ್ತೆ.”

ನಾನು ಸರಿದು ಕಿಟಕಿಯಲ್ಲಿ ಅವಳಿಗೆ ಇನ್ನಷ್ಟು ಜಾಗ ಬಿಟ್ಟೆ.

ಬೇಲಿಯ ಹತ್ತಿರ ಹುಲ್ಲು ಅಲ್ಲಾಡಿತು. ಎರಡು ಕಿವಿ ಎದ್ದವು. ಸುಳ್ಳು ಹೇಳುವುದಿಲ್ಲ, ಒಂದೊಂದೂ ದಿಂಬಿನ ಕವರಿನಷ್ಟಿತ್ತು. ಅವಳು ನೇರವಾಗಿ ಬರಲಿಲ್ಲ. ಅತ್ತ ನಾಲ್ಕು ಹೆಜ್ಜೆ, ಇತ್ತ ನಾಲ್ಕು ಹೆಜ್ಜೆ, ಕೂತಳು, ಕೇಳಿಸಿಕೊಂಡಳು, ಬೆನ್ನು ಹಾಕಿ ಹೊರಟಂತೆ ಮಾಡಿದಳು. ಆಮೇಲೆ ಒಂದೇ ನೆಗೆತ, ಐದನೇ ತಂತಿಯ ಕೆಳಗೆ, ಮೀನಿನ ಜಾಗಕ್ಕೆ. ಹುಲ್ಲಿನ ಮೇಲೆ ಅವಳ ಬೆನ್ನು ಕಾಣುತ್ತಿತ್ತು. ಅದರ ಅಡಿಯಲ್ಲಿ ಪುಟ್ಟದೊಂದು ಅಲುಗಾಡಿತು.

ಐದು ನಿಮಿಷ ಇದ್ದಿರಬಹುದು. ಹೇಗೆ ಬಂದಳೋ ಹಾಗೇ ಹೋದಳು.

ಸೊಸೆ ದೀಪ ಹಾಕಿ, ಟವೆಲಿನಿಂದ ಚೀಟಿ ಬಿಚ್ಚಿ ಬರೆಯತೊಡಗಿದಳು. ಓದಲು ನನಗೆ ಅಷ್ಟು ಬರುವುದಿಲ್ಲ.

“ಏನು ಬರೆದೆ?”

“ಎಲ್ಲಿ ಸಿಕ್ತು ಅನ್ನೋದನ್ನ ಸರಿ ಮಾಡ್ದೆ. ಐದನೇ ತಂತಿ, ಏಳನೇ ಬೆಡ್‌ಶೀಟು. ಕೆಳಗೆ ‘ಯಜಮಾನಿ ಬಂದರು’ ಅಂತ.”

“ಇನ್ನೊಂದು ಬರಿ. ‘ಒಳ್ಳೇ ತಾಯಿ’ ಅಂತ.”

ಸೊಸೆ ತಲೆಯೆತ್ತಿ ನೋಡಿದಳು. ನಾನು ಕಿಟಕಿಯ ಕಡೆ ನೋಡುತ್ತಿದ್ದೆ, ಹೊರಗೆ ಕಾಣುವಂಥದ್ದು ಏನೂ ಇರಲಿಲ್ಲ. ಚೀಟಿಯ ಮೇಲೆ ಪೆನ್ನು ಆಡಿದ ಸದ್ದು ಕೇಳಿತು.

“ಬರೆದೆ. ಈಗ ಸಹಿ ಹಾಕಿ.”

“ನಾನ್ಯಾಕೆ ಹಾಕ್ಲಿ? ವಸ್ತು ಅವಳದ್ದು.”

“ಕದ್ದವರು ನೀವಲ್ವಾ ಅತ್ತೆ?” ಎಂದು ಪೆನ್ನನ್ನು ನನ್ನ ಕೈಗೆ ತುರುಕಿದಳು.